ತಂತಿ ಸಿಕ್ಕಿತು, ಕಾಗದ ಸಿಗಲಿಲ್ಲ

ಕರ್ನಾಟಕದ ಹ್ಯಾಮ್ ರೇಡಿಯೋ ಚರಿತ್ರೆ ಬರೆಯಲು ಕೂತರೆ ಲೇಖನಿ ಮೊದಲು ಓಡುವುದು ಬೆಂಗಳೂರಿಗೆ. 1959ರಲ್ಲಿ ಹುಟ್ಟಿದ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ಬು ಅಲ್ಲಿದೆ. ಪರೀಕ್ಷೆಗೆ ಹುಡುಗರನ್ನು ತಯಾರು ಮಾಡಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್ ಅಲ್ಲಿದೆ, ಇಸ್ರೋದ ಉಪಗ್ರಹ ಕೇಂದ್ರದೊಳಗೆ ‘ಉಪಗ್ರಹ’ ಎಂಬ ಹೆಸರಿನದೇ ಒಂದು ಹ್ಯಾಮ್ ಕ್ಲಬ್ಬಿದೆ. ಅದಾದ ಮೇಲೆ ಮಂಗಳೂರಿನ ಹೆಸರು ಬರುತ್ತದೆ. ರಾಜ್ಯದ ನಟ್ಟನಡುವೆ ಕೂತಿರುವ ದಾವಣಗೆರೆ, ಹರಿಹರಗಳ ಹೆಸರು ಆ ಪುಟಗಳಲ್ಲಿ ಕಾಣಸಿಗುವುದು ಅಪರೂಪ. ಸ್ವಂತ ಟ್ರಾನ್ಸ್‌ಮಿಟರ್, ಸ್ವಂತ ರಿಸೀವರ್, ಮಾಳಿಗೆಯ ಮೇಲೊಂದು ತಂತಿ, ಸರ್ಕಾರ ಕೊಟ್ಟ ಒಂದು ಕರೆಸಂಕೇತ ಇವಿಷ್ಟಿದ್ದರೆ ಯಾವ ಕಂಪನಿಯ ಹಂಗೂ ಇಲ್ಲದೆ ಇನ್ನೊಂದು ಊರಿನ, ಇನ್ನೊಂದು ದೇಶದ ಅಪರಿಚಿತನೊಂದಿಗೆ ಮಾತಾಡುವ ಹವ್ಯಾಸ ಇದು. ಇದಕ್ಕೆ ಬೇಕಾದ ಕೈಕೆಲಸ, ಕರೆಂಟು, ಕಿವಿ ಮೂರೂ ಈ ಎರಡು ಊರುಗಳಲ್ಲಿ ದಂಡಿಯಾಗಿದ್ದವು. ಆದರೂ ಬೇರು ಆಳಕ್ಕೆ ಇಳಿಯಲಿಲ್ಲ. ಸಣ್ಣ ಊರಿನ ಜನಕ್ಕೆ ಆಸಕ್ತಿಯಿಲ್ಲ, ದುಡ್ಡಿಲ್ಲ, ಪುರುಸೊತ್ತಿಲ್ಲ ಎಂಬುದು ರೂಢಿಯ ಉತ್ತರ. ನನ್ನ ವಾದ ಬೇರೆ. ಇಲ್ಲಿ ಅಡ್ಡ ಬಂದದ್ದು ಪರವಾನಗಿಯ ಕಾಗದ, ಆ ಕಾಗದ ಸಿಗುತ್ತಿದ್ದ ಜಾಗ, ಅದನ್ನು ಪಡೆಯಲು ದಾಟಬೇಕಿದ್ದ ಪರೀಕ್ಷೆ.

ಹಾಗೆ ಹೇಳುವ ಮೊದಲು, ರೇಡಿಯೋ ಎಂಬುದೇ ಹವ್ಯಾಸಿಗಳ ಕೈಯಲ್ಲಿ ಬೆಳೆದ ಕೂಸು ಎಂಬುದನ್ನು ನೆನೆಯಬೇಕು. ಅಮೆರಿಕ 1912ರಲ್ಲಿ ಕಾನೂನು ಮಾಡಿ ಹವ್ಯಾಸಿಗಳನ್ನು 200 ಮೀಟರಿಗಿಂತ ಕಿರಿದಾದ ಅಲೆಗಳಿಗೆ ತಳ್ಳಿತು. ಆ ಅಲೆಗಳು ಯಾವ ಕೆಲಸಕ್ಕೂ ಬಾರವು, ಅಲ್ಲೇ ಆಡಿಕೊಂಡಿರಲಿ ಎಂಬುದು ಅಂದಿನ ಲೆಕ್ಕಾಚಾರ. 1923ರ ನವೆಂಬರಿನಲ್ಲಿ ಫ್ರಾನ್ಸಿನ ಲಿಯೋನ್ ದೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಎಂಬ ಇಬ್ಬರು ಹವ್ಯಾಸಿಗಳು ಆ ‘ಕೆಲಸಕ್ಕೆ ಬಾರದ’ ಕಿರು ಅಲೆಯಲ್ಲೇ ಅಟ್ಲಾಂಟಿಕ್ ಸಾಗರದ ಆಚೀಚೆ ಸಂಭಾಷಿಸಿದರು. ಆಮೇಲೆ ದೊಡ್ಡ ದೊಡ್ಡ ಸರ್ಕಾರಗಳು, ಕಂಪನಿಗಳು ಅದೇ ಶಾರ್ಟ್‌ವೇವಿಗೆ ಮುಗಿಬಿದ್ದವು. ನಮ್ಮ ದೇಶದ ಕಥೆಯೂ ಇದೇ ಜಾಡಿನದು. 1921ರಲ್ಲಿ ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ದೇಶದ ಮೊದಲ ಹವ್ಯಾಸಿ ಪರವಾನಗಿ ಪಡೆದರು. 1923ರಲ್ಲಿ ಮುಂಬಯಿಯಲ್ಲಿ, 1924ರಲ್ಲಿ ಮದರಾಸಿನಲ್ಲಿ ಪ್ರಸಾರಕ್ಕೆ ಇಳಿದವು ರೇಡಿಯೋ ಕ್ಲಬ್ಬುಗಳು. ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಬಂದದ್ದು 1927ರಲ್ಲಿ, ಮೂರೇ ವರ್ಷಕ್ಕೆ ಅದು ಕೈಚೆಲ್ಲಿತು. ಕನ್ನಡದ ಮಟ್ಟಿಗೆ ಹೇಳುವುದಾದರೆ, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ 30 ವ್ಯಾಟಿನ ಪುಟ್ಟ ಟ್ರಾನ್ಸ್‌ಮಿಟರಿನಲ್ಲಿ ‘ಆಕಾಶವಾಣಿ’ ಶುರು ಮಾಡಿದರು. 30 ವ್ಯಾಟೆಂದರೆ ಇಂದಿನ ಸಾಧಾರಣ ಹ್ಯಾಮ್ ಬಳಸುವ ಶಕ್ತಿಗಿಂತಲೂ ಕಡಿಮೆ. ಅವರದು ಪ್ರಸಾರ ಕೇಂದ್ರ, ಹ್ಯಾಮ್ ಕೇಂದ್ರವಲ್ಲ, ನಿಜ. ಆದರೆ ಕಸುಬಿನಿಂದ ಎಂಜಿನಿಯರ್ ಅಲ್ಲದ ಒಬ್ಬ ಮೇಷ್ಟ್ರು ಮನೆಯ ಕೋಣೆಯಲ್ಲಿ ಪ್ರಸಾರ ಆರಂಭಿಸಬಹುದಾಗಿತ್ತು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಮೈಸೂರಿನ ಕೋಣೆಯಲ್ಲಿ ಆದದ್ದು ಹರಿಹರದ ಕೋಣೆಯಲ್ಲಿ ಯಾಕೆ ಆಗಬಾರದಿತ್ತು? ಹರಿಹರದ ನೆಲೆಯನ್ನು ಒಮ್ಮೆ ನೋಡಿ. 1224ರಲ್ಲಿ ಹೊಯ್ಸಳರ ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದ ಊರು ಇದು. 1956ರವರೆಗೆ ಅದೊಂದು ಗಡಿ ಊರು ಕೂಡ. ತುಂಗಭದ್ರೆಯ ಈ ದಂಡೆ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆ, ಆ ದಂಡೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. 19ನೇ ಶತಮಾನದ ಕೊನೆಗೆ ಸದರ್ನ್ ಮರಾಠಾ ರೈಲ್ವೆ ಪುಣೆಯಿಂದ ಬಂದು ಇಲ್ಲಿ ಹೊಳೆ ದಾಟಿ ಬೆಂಗಳೂರಿಗೆ ಸೇರಿತು. ರೈಲಿನ ಜೊತೆಗೆ ತಂತಿಯೂ ಬಂತು. ಪ್ರತಿ ಸ್ಟೇಷನ್ನಿನಲ್ಲಿ ಮೋರ್ಸ್ ಕೀಲಿ ಒತ್ತುವವನೊಬ್ಬ, ಅದರ ಟಕಟಕ ಕೇಳಿ ಅಕ್ಷರ ಬಿಡಿಸುವವನೊಬ್ಬ. ರೇಡಿಯೋ ಇನ್ನೂ ಹುಟ್ಟದ ಕಾಲದಲ್ಲೇ ಚುಕ್ಕೆ ಗೆರೆಗಳ ಭಾಷೆ ಇಲ್ಲಿ ಸಂಬಳದ ಕೆಲಸವಾಗಿತ್ತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರಕ್ಕೆ ಬಂತು. ಲೇತು ಮಾಡುವ ಕಾರ್ಖಾನೆ ಅದು, ಅಂದರೆ ಯಂತ್ರಗಳನ್ನು ಮಾಡುವ ಯಂತ್ರದ ಕಾರ್ಖಾನೆ. ಮಿಲಿಮೀಟರಿನ ನೂರನೇ ಒಂದು ಪಾಲನ್ನು ಅಳೆಯುವ ಕೈಗಳು ಒಂದೇ ಊರಿನಲ್ಲಿ ಅಷ್ಟೊಂದು ಸಂಖ್ಯೆಯಲ್ಲಿ ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ಬೇರೆ ಕಡೆ ಸಿಗುವುದು ಕಷ್ಟವಿತ್ತು. ಹದಿನಾಲ್ಕು ಕಿಲೋಮೀಟರ್ ಆಚೆಗಿನ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಊರಿಗೆ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಮಗ್ಗದ ಮೋಟಾರು ಸುಟ್ಟರೆ ಸುರುಳಿ ಸುತ್ತಿಕೊಡುವ ವೈಂಡರುಗಳು, ಸ್ವಿಚ್ಚು ರಿಲೇ ಬಿಚ್ಚಿ ಕಟ್ಟುವ ಎಲೆಕ್ಟ್ರಿಷಿಯನ್ನರು ಇಲ್ಲದೆ ಗಿರಣಿ ಒಂದು ಪಾಳಿಯೂ ಓಡದು. 1951ರಲ್ಲಿ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಿನ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಬಾಪೂಜಿ ತಾಂತ್ರಿಕ ಕಾಲೇಜು. ರೇಡಿಯೋ ಕಾಯಿಲು ಸುತ್ತಲು, ಪೆಟ್ಟಿಗೆ ಕೊರೆಯಲು, ಕಂಬ ನಿಲ್ಲಿಸಲು ಯಾರನ್ನೂ ಹೊರಗಿನಿಂದ ಕರೆತರಬೇಕಿರಲಿಲ್ಲ.

ಇನ್ನು ಕಿವಿಯ ಮಾತು. ಹವ್ಯಾಸಿ ರೇಡಿಯೋದ ಅರ್ಧ ವಿದ್ಯೆ ಕೇಳುವುದರಲ್ಲಿದೆ, ಆ ವಿದ್ಯೆಯನ್ನು ಈ ಊರುಗಳು ಮನೆಮನೆಯಲ್ಲಿ ಕಲಿತವು. 1950ರ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾಯಿತು. ಮೈಸೂರಿನ ಕೇಂದ್ರ 1955ರ ನವೆಂಬರಿನಲ್ಲಿ ಬೆಂಗಳೂರಿಗೆ ಹೋಯಿತು. 1965ರಲ್ಲಿ ಭದ್ರಾವತಿ ಕೇಂದ್ರ ಬಂತು. ಈ ಮೂರರ ನಡುವೆ ಕೂತ ದಾವಣಗೆರೆಯ ಕೇಳುಗನಿಗೆ ಮುಳ್ಳು ತಿರುಗಿಸುವುದೇ ಒಂದು ಆಟ. ಹಗಲು ಭದ್ರಾವತಿಯ 675 ಕಿಲೋಹರ್ಟ್ಸ್ ಗಟ್ಟಿಯಾಗಿ ಬರುತ್ತದೆ. ಕತ್ತಲಾದರೆ ಮೀಡಿಯಂ ವೇವಿನಲ್ಲಿ ದೂರದ ಊರುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಆಕಾಶವಾಣಿ ಸಿನಿಮಾ ಹಾಡಿಗೆ ಬಾಗಿಲು ಹಾಕಿದ ಐವತ್ತರ ದಶಕದಲ್ಲಿ ರೇಡಿಯೋ ಸಿಲೋನ್ ಹಿಡಿಯಲು ಶಾರ್ಟ್‌ವೇವಿಗೆ ಹೋಗಬೇಕಿತ್ತು. ಅಲ್ಲಿ ದನಿ ಏರಿ ಇಳಿಯುತ್ತದೆ, ಏರಿಯಲ್ ಜಾಲರಿಯ ದಿಕ್ಕು ಬದಲಿಸಿದರೆ ತುಸು ತಿಳಿಯಾಗುತ್ತದೆ, ಮಳೆಗಾಲದ ಸಂಜೆ ಮಿಂಚಿನ ಚಟಪಟ ಕಾಡುತ್ತದೆ. ಅಯಾನುಮಂಡಲ ಎಂಬ ಮಾತನ್ನು ಕೇಳದವರಿಗೂ ಅದರ ನಡತೆ ಗೊತ್ತಿತ್ತು. ಮರ್ಫಿ, ಬುಷ್, ಫಿಲಿಪ್ಸ್ ಸೆಟ್ಟುಗಳ ವಾಲ್ವು ಬದಲಿಸುವ, ಸೋಲ್ಡರಿಂಗ್ ಕಡ್ಡಿಯ ಹೊಗೆಯಲ್ಲಿ ದಿನ ಕಳೆಯುವ ರಿಪೇರಿ ಅಂಗಡಿಗಳು ಪೇಟೆಪೇಟೆಯಲ್ಲೂ ಇದ್ದ ಕಾಲ ಅದು. ರಿಸೀವರ್ ಬಿಚ್ಚಿ ಕಟ್ಟಬಲ್ಲವನಿಗೆ ಮೋರ್ಸಿನಲ್ಲಿ ಮಾತಾಡುವ ಒಂದು ಸಣ್ಣ ಟ್ರಾನ್ಸ್‌ಮಿಟರ್ ಕಟ್ಟುವುದು ದೊಡ್ಡ ಮಾತಲ್ಲ. ಒಂದು ಸ್ಫಟಿಕ, ಒಂದು ವಾಲ್ವು, ಒಂದು ಸುರುಳಿ, ಒಂದು ಕೀಲಿ ಸಾಕು. ಇಷ್ಟೆಲ್ಲ ಇದ್ದೂ ಕೇಳುವವರು ಮಾತಾಡುವವರಾಗಲಿಲ್ಲ, ಏಕೆಂದರೆ ಕೇಳುವುದಕ್ಕೂ ಮಾತಾಡುವುದಕ್ಕೂ ನಡುವೆ ಸರ್ಕಾರ ಗೋಡೆ ಎಬ್ಬಿಸಿತ್ತು.

ಗೋಡೆಯ ಅಡಿಪಾಯ 1885ರ ಟೆಲಿಗ್ರಾಫ್ ಕಾಯ್ದೆ. ತಂತಿ ಸಂಪರ್ಕ ಸರ್ಕಾರದ ಸೊತ್ತು, ಬೇರೆಯವರು ಅದರ ಅಪ್ಪಣೆಯಿಂದಲೇ ಬಳಸಬೇಕು ಎಂದು ಅದು ಹೇಳಿತು. 1933ರ ವೈರ್‌ಲೆಸ್ ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪರವಾನಗಿಯಿಲ್ಲದೆ ನಿಸ್ತಂತು ಉಪಕರಣ ಇಟ್ಟುಕೊಳ್ಳುವುದೇ ಅಪರಾಧ ಎಂದಿತು. ಕೇಳುವವರಿಗೆ ಈ ಕಾನೂನು ಅಷ್ಟೇನೂ ಕಾಟ ಕೊಡಲಿಲ್ಲ. ಅಂಚೆ ಕಚೇರಿಗೆ ಹೋಗಿ ವರ್ಷದ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕ ನವೀಕರಿಸಿಕೊಂಡರೆ ಆಯಿತು. ಎಂಬತ್ತರ ದಶಕದ ನಡುವಿನ ಹೊತ್ತಿಗೆ ಅದೂ ಹೋಯಿತು. ಮಾತಾಡುವವರ ದಾರಿ ಮಾತ್ರ ಬೇರೆ. 1939ರಲ್ಲಿ ಯುದ್ಧ ಶುರುವಾದಾಗ ಹವ್ಯಾಸಿ ಪರವಾನಗಿಗಳು ನಿಂತವು. 1942ರ ಆಗಸ್ಟಿನಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ಮುಂಬಯಿಯಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದಾಗ ಬ್ರಿಟಿಷರ ಭಯ ಇನ್ನೂ ಬಲಿಯಿತು. ಸ್ವಾತಂತ್ರ್ಯ ಹೋರಾಟಕ್ಕೆ ನೆರವಾದ ಆ ಟ್ರಾನ್ಸ್‌ಮಿಟರನ್ನು ನಾವು ಪಠ್ಯಪುಸ್ತಕದಲ್ಲಿ ಹೊಗಳುತ್ತೇವೆ, ಆದರೆ ಬ್ರಿಟಿಷರ ಆ ಎರಡು ಕಾಯ್ದೆಗಳನ್ನು ಸ್ವತಂತ್ರ ಸರ್ಕಾರ ಹಾಗೇ ಇಟ್ಟುಕೊಂಡಿತು. 1948ರಲ್ಲಿ ಮಧ್ಯಪ್ರದೇಶದ ಮ್ಹೌ ಸೇನಾನೆಲೆಯಲ್ಲಿ ಹವ್ಯಾಸಿಗಳ ಅಖಿಲ ಭಾರತ ಕ್ಲಬ್ಬು ಹುಟ್ಟಿ, ಮುಂದೆ ದೆಹಲಿಗೆ ಹೋಗಿ ಅಮೆಚೂರ್ ರೇಡಿಯೋ ಸೊಸೈಟಿ ಆಫ್ ಇಂಡಿಯಾ ಆಯಿತು. ಸೇನಾನೆಲೆ, ಆಮೇಲೆ ರಾಜಧಾನಿ: ಹವ್ಯಾಸದ ವಿಳಾಸಗಳೇ ಅದು ಯಾರ ಕೈಗೆ ಎಟುಕುತ್ತಿತ್ತು ಎಂಬುದನ್ನು ಹೇಳುತ್ತವೆ.

1978ರಲ್ಲಿ ಬಂದ ಹವ್ಯಾಸಿ ಸೇವಾ ನಿಯಮಗಳು ಈ ವ್ಯವಸ್ಥೆಗೆ ಅಚ್ಚುಕಟ್ಟು ರೂಪ ಕೊಟ್ಟವು. ಮೇಲಿನಿಂದ ಕೆಳಕ್ಕೆ ಅಡ್ವಾನ್ಸ್ಡ್, ಗ್ರೇಡ್ ಒಂದು, ಗ್ರೇಡ್ ಎರಡು ಎಂಬ ದರ್ಜೆಗಳು, ಜೊತೆಗೆ ಮೋರ್ಸ್ ಬೇಡದ ಆದರೆ ಶಾರ್ಟ್‌ವೇವಿಗೆ ಬಿಡದ ಒಂದು ಸೀಮಿತ ದರ್ಜೆ. ಗ್ರೇಡ್ ಎರಡಕ್ಕೆ ನಿಮಿಷಕ್ಕೆ 5 ಪದ, ಗ್ರೇಡ್ ಒಂದಕ್ಕೆ 12 ಪದ ಮೋರ್ಸಿನಲ್ಲಿ ಕಳಿಸಿ, ಕೇಳಿ ಬರೆಯಬೇಕು. ಪದಕ್ಕೆ ಐದು ಅಕ್ಷರದ ಲೆಕ್ಕದಲ್ಲಿ 12 ಪದವೆಂದರೆ ನಿಮಿಷಕ್ಕೆ 60 ಅಕ್ಷರ, ಸೆಕೆಂಡಿಗೊಂದು. ಜೊತೆಗೆ ರೇಡಿಯೋ ತತ್ವ, ನಿಯಮಾವಳಿಗಳ ಲಿಖಿತ ಪರೀಕ್ಷೆ. ಈ ಪರೀಕ್ಷೆ ದೆಹಲಿ, ಮುಂಬಯಿ, ಕಲ್ಕತ್ತ, ಮದರಾಸುಗಳಲ್ಲಿ ತಿಂಗಳಿಗೊಮ್ಮೆ ನಡೆದರೆ ಉಳಿದ ಕೇಂದ್ರಗಳಲ್ಲಿ ಕೆಲವು ತಿಂಗಳಿಗೊಮ್ಮೆ. ದಾವಣಗೆರೆ ಆ ಪಟ್ಟಿಯಲ್ಲಿರಲಿಲ್ಲ. ಇಲ್ಲಿನವರಿಗೆ ಹತ್ತಿರದ್ದೆಂದರೆ 260 ಕಿಲೋಮೀಟರ್ ದೂರದ ಬೆಂಗಳೂರು, ಇಲ್ಲವೇ ಘಟ್ಟದ ಕೆಳಗಿನ ಮಂಗಳೂರು. ಪರೀಕ್ಷೆ ಮುಗಿದ ಮೇಲೆ ಅರ್ಜಿ ದೆಹಲಿಗೆ, ಪೊಲೀಸ್ ವಿಚಾರಣೆ ಊರಿನಲ್ಲಿ, ಫೈಲು ಮತ್ತೆ ದೆಹಲಿಗೆ. ಬಂದ ಪರವಾನಗಿಯಲ್ಲಿ ವಿಳಾಸ ಬರೆದಿರುತ್ತದೆ, ಕೇಂದ್ರ ಅಲ್ಲೇ ಇರಬೇಕು. ವಾಹನದಲ್ಲಿ ಇಟ್ಟುಕೊಂಡು ಓಡಾಡಲು ಬೇರೆಯೇ ಒಪ್ಪಿಗೆ ಬೇಕು. ಬಾಡಿಗೆ ಮನೆ ಬದಲಿಸುವ ಕಾರ್ಖಾನೆ ನೌಕರನಿಗೆ, ಹಾಸ್ಟೆಲಿನಿಂದ ಹಾಸ್ಟೆಲಿಗೆ ಹೋಗುವ ವಿದ್ಯಾರ್ಥಿಗೆ ಇದೊಂದೇ ನಿಯಮ ಸಾಕಿತ್ತು, ಬೇಡಪ್ಪಾ ಇದರ ಸಹವಾಸ ಎನ್ನಲು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಕಾಗದವಲ್ಲ, ಕಾಸು ಕಾರಣ. ವಿದೇಶಿ ಟ್ರಾನ್ಸೀವರ್ ಬೆಲೆ ಗಿರಣಿ ಕಾರ್ಮಿಕನ ಅಳವಿಗೆ ಎಲ್ಲಿತ್ತು? ಈ ಮಾತಿನಲ್ಲಿ ಹುರುಳಿದೆ, ಆದರೆ ಪೂರ್ತಿ ಅಲ್ಲ. ಎಂಬತ್ತರ ದಶಕದಲ್ಲಿ ಸರ್ಕಾರ ಆಮದು ಸುಂಕಕ್ಕೆ ವಿನಾಯಿತಿ ಕೊಡುವವರೆಗೂ ಭಾರತದ ಹ್ಯಾಮ್‌ಗಳಲ್ಲಿ ಹೆಚ್ಚಿನವರು ಬಳಸಿದ್ದು ತಾವೇ ಕಟ್ಟಿದ ಸೆಟ್ಟು, ಇಲ್ಲವೇ ಸೇನೆ ವಿಲೇವಾರಿ ಮಾಡಿದ ಹಳೆಯ ಸರಕು. ಆ ವಿನಾಯಿತಿಯ ದಶಕದಲ್ಲೇ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿ ಸ್ವತಃ ವಿಯು2ಆರ್‌ಜಿ ಎಂಬ ಕರೆಸಂಕೇತದ ಹ್ಯಾಮ್ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ದುಬಾರಿಯಾಗಿದ್ದದ್ದು ಕೊಂಡು ತರುವ ಹವ್ಯಾಸ, ಕಟ್ಟಿಕೊಳ್ಳುವ ಹವ್ಯಾಸ ಅಗ್ಗವಾಗಿಯೇ ಇತ್ತು. ಹರಿಹರ, ದಾವಣಗೆರೆಗಳು ಕಟ್ಟುವವರ ಊರುಗಳೇ ಆಗಿದ್ದರಿಂದ ಬಡತನದ ವಾದ ಇಲ್ಲಿ ಬೇರೆಡೆಗಿಂತ ಕಡಿಮೆ ನಿಲ್ಲುತ್ತದೆ. ಅಷ್ಟಕ್ಕೂ ಸುಂಕವೆಂಬುದೂ ಕಾಗದದ ಇನ್ನೊಂದು ಹೆಸರೇ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಾನೂನು ಬೆಂಗಳೂರಿಗೂ ಒಂದೇ, ಹರಿಹರಕ್ಕೂ ಒಂದೇ. ಅಲ್ಲಿ ಬೆಳೆದದ್ದು ಇಲ್ಲಿ ಬೆಳೆಯದಿದ್ದರೆ ಕಾನೂನನ್ನು ದೂರುವುದು ಹೇಗೆ? ಒಂದೇ ಕಾನೂನು ಎರಡು ಊರುಗಳ ಮೇಲೆ ಒಂದೇ ತೂಕದಲ್ಲಿ ಬೀಳುವುದಿಲ್ಲ ಎಂಬುದೇ ಉತ್ತರ. ಬೆಂಗಳೂರಿನಲ್ಲಿ 1948ರಿಂದ ಐಟಿಐ, 1954ರಿಂದ ಬಿಇಎಲ್ ಇದ್ದವು. ಎಚ್‌ಎಎಲ್, ಸೇನೆಯ ಸಿಗ್ನಲ್ಸ್ ವಿಭಾಗದಿಂದ ನಿವೃತ್ತರಾದವರು, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯಗಳು, ಮುಂದೆ ಇಸ್ರೋ. ಮೋರ್ಸ್ ಕಲಿಸುವವರು ಅಲ್ಲಿಯೇ, ಗುಜರಿಯಲ್ಲಿ ಬಿಡಿಭಾಗ ಅಲ್ಲಿಯೇ, ಪರೀಕ್ಷೆಯ ಕೋಣೆ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಪಾಸಾದರೆ ಮತ್ತೆ ಬರೆಯಬಹುದು. ಮೋರ್ಸ್ ಎಂಬುದು ಪುಸ್ತಕ ಓದಿ ಬರುವ ವಿದ್ಯೆಯಲ್ಲ, ಸಂಗೀತದ ಹಾಗೆ ಎದುರಿಗೊಬ್ಬ ಬೇಕು, ದಿನವೂ ಬೇಕು. ರೈಲ್ವೆಯ ತಂತಿಬಾಬುಗಳು ಎದುರಿಗಿದ್ದರಲ್ಲ ಎಂದರೆ, ಅವರ ಮೋರ್ಸ್ ಸೌಂಡರಿನ ಟಕಟಕದ್ದು, ರೇಡಿಯೋದಲ್ಲಿ ಬರುವುದು ಸಿಳ್ಳೆಯ ದನಿ. ಕಿವಿ ಬದಲಾಗಬೇಕು. ಆದರೂ ಅದು ದಾಟಬಹುದಾದ ದೂರವೇ. ದಾಟಿಸಲು ಒಂದು ಕ್ಲಬ್ಬು ಬೇಕಿತ್ತು, ಕ್ಲಬ್ಬು ಕಟ್ಟಲು ಮೊದಲು ಕೆಲವು ಪರವಾನಗಿದಾರರು ಬೇಕಿತ್ತು, ಪರವಾನಗಿ ಪಡೆಯಲು ಕ್ಲಬ್ಬು ಬೇಕಿತ್ತು. ಪರೀಕ್ಷೆ ಇಂಗ್ಲಿಷಿನಲ್ಲಿ ನಡೆದದ್ದೂ ಇದಕ್ಕೆ ಸೇರಿಕೊಂಡಿತು. ಕೆಪಾಸಿಟರ್, ಕಾಯಿಲುಗಳನ್ನು ಕಣ್ಣುಮುಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ಕಿಗೆ ಆ ಪ್ರಶ್ನೆಪತ್ರಿಕೆ ವಿದ್ಯೆಯ ಪರೀಕ್ಷೆಗಿಂತ ಭಾಷೆಯ ಪರೀಕ್ಷೆಯಾಗಿತ್ತು.

ದಾವಣಗೆರೆ ವ್ಯಾಪಾರಸ್ಥರ ಊರು, ಲಾಭವಿಲ್ಲದ ಕೆಲಸಕ್ಕೆ ಅದು ಕೈಹಾಕದು ಎಂದು ಹಗುರವಾಗಿ ಹೇಳುವವರಿದ್ದಾರೆ. ಹವ್ಯಾಸಿ ಕೇಂದ್ರದಿಂದ ವ್ಯಾಪಾರದ ಮಾತು ಆಡುವಂತಿಲ್ಲ, ಗುಪ್ತ ಸಂಕೇತ ಬಳಸುವಂತಿಲ್ಲ, ಹಾಡು ಹಾಕಿ ಮನರಂಜನೆ ಕೊಡುವಂತಿಲ್ಲ ಎಂಬ ನಿಯಮಗಳು ಇರುವುದು ನಿಜ. ಮಂಡಿಪೇಟೆಯ ಸಾಹುಕಾರನಿಗೆ ಹುಬ್ಬಳ್ಳಿಯ ಹತ್ತಿಯ ಧಾರಣೆ ಕೇಳಲು ಬಾರದ ಯಂತ್ರ ಯಾಕೆ ಬೇಕು? ಆದರೆ ಇದೇ ಊರು ಗರಡಿಮನೆಗಳನ್ನು ಸಾಕಿತು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಬೆಳೆಸಿತು. ಪೈಲ್ವಾನನ ಹಾಲು ಬಾದಾಮಿಗೆ ದುಡ್ಡು ಕೊಟ್ಟ ಸಾಹುಕಾರ ಲಾಭ ಎಣಿಸಿ ಕೊಟ್ಟವನಲ್ಲ. ಗರಡಿಗೆ, ನಾಟಕಕ್ಕೆ ದೆಹಲಿಯ ಪರವಾನಗಿ ಬೇಕಿರಲಿಲ್ಲ, ವ್ಯತ್ಯಾಸ ಅಷ್ಟೇ.

ಭದ್ರತೆಯ ವಾದವನ್ನು ಮಾತ್ರ ಹಗುರಾಗಿ ತಳ್ಳಿಹಾಕಲಾಗದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಪಂಜಾಬ್, ಕಾಶ್ಮೀರ, ಶ್ರೀಲಂಕಾದ ಸುತ್ತ ನಡೆದದ್ದನ್ನು ನೋಡಿದ ಯಾವ ಸರ್ಕಾರವೂ ನಿಸ್ತಂತು ಯಂತ್ರವನ್ನು ಆಟಿಕೆಯೆಂದು ಬಿಡಲು ಸಾಧ್ಯವಿರಲಿಲ್ಲ. ಟ್ರಾನ್ಸ್‌ಮಿಟರ್ ಹಿಡಿದವನು ಯಾರು ಎಂದು ತಿಳಿದಿರಬೇಕೆಂಬ ಸರ್ಕಾರದ ಬಯಕೆ ನ್ಯಾಯವಾದದ್ದೇ. ಹ್ಯಾಮ್ ವ್ಯವಸ್ಥೆ ಆ ಬಯಕೆಯನ್ನು ತಾನಾಗಿಯೇ ಪೂರೈಸುತ್ತದೆ ಎಂಬುದು ನನ್ನ ಉತ್ತರ. ಪ್ರತಿ ಸಂಭಾಷಣೆಯಲ್ಲಿ ಕರೆಸಂಕೇತ ಹೇಳಲೇಬೇಕು, ಎಲ್ಲರೂ ಕೇಳುವ ತೆರೆದ ಭಾಷೆಯಲ್ಲೇ ಮಾತಾಡಬೇಕು, ಯಾರೊಡನೆ ಯಾವ ಹೊತ್ತಿಗೆ ಯಾವ ತರಂಗಾಂತರದಲ್ಲಿ ಎಂದು ಲಾಗ್ ಪುಸ್ತಕ ಬರೆದಿಡಬೇಕು. ಗುಟ್ಟು ಮಾಡುವವನಿಗೆ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ವಿಚಾರಣೆ ಇರಲಿ, ಆದರೆ ವಿಚಾರಣೆಗೂ ಪರೀಕ್ಷಾ ಕೇಂದ್ರದ ದೂರಕ್ಕೂ ಏನು ಸಂಬಂಧ? ಜಿಲ್ಲಾ ಪೊಲೀಸರು ಊರಿನಲ್ಲೇ ಇರುವಾಗ ಪರೀಕ್ಷೆ ಮಾತ್ರ ರಾಜಧಾನಿಯಲ್ಲಿ ನಡೆಯಬೇಕೆಂಬುದಕ್ಕೆ ಭದ್ರತೆಯ ಕಾರಣವಿಲ್ಲ.

ಕೊನೆಗೆ ಉಳಿಯುವುದು ಮೊಬೈಲಿನ ಮಾತು. ಕಿಸೆಯಲ್ಲಿ ಫೋನಿದ್ದವನಿಗೆ ಈ ಹಳೆಯ ಯಂತ್ರ ಯಾಕೆ? 2013ರ ಜುಲೈ 14ರ ರಾತ್ರಿ ದೇಶದ ತಂತಿ ಸೇವೆಯೇ ಮುಚ್ಚಿತು, ಇನ್ನು ಮೋರ್ಸ್ ಯಾರಿಗೆ ಬೇಕು? ಈ ಪ್ರಶ್ನೆ ಹವ್ಯಾಸವನ್ನು ಸುದ್ದಿ ಸಾಗಿಸುವ ಸೇವೆಯೆಂದು ತಿಳಿದು ಕೇಳಿದ್ದು. ದಾವಣಗೆರೆಯ ಮನೆಯೊಂದರಲ್ಲಿ ಇದು ಹೇಗಿರುತ್ತದೆಂದು ನೋಡಿದರೆ ಉತ್ತರ ತಾನೇ ಸಿಗುತ್ತದೆ. 7 ಮೆಗಾಹರ್ಟ್ಸಿನ, ಅಂದರೆ 40 ಮೀಟರ್ ಪಟ್ಟಿಯ ಅರ್ಧತರಂಗದ ಡೈಪೋಲಿಗೆ ಸುಮಾರು 20 ಮೀಟರ್, 66 ಅಡಿ ತಂತಿ ಬೇಕು. ಮೂವತ್ತು ನಲವತ್ತರ ಸೈಟಿನ ಮಾಳಿಗೆಯಲ್ಲಿ ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ. ಹಾಗಾಗಿ ನಡುವೆ ಕಂಬ ನಿಲ್ಲಿಸಿ ಎರಡು ತುದಿಗಳನ್ನು ಇಳಿಬಿಡುತ್ತಾರೆ, ತಲೆಕೆಳಗಾದ ವಿ ಆಕಾರ. ಹೆಚ್ಚು ಎತ್ತರವಿಲ್ಲದ ಆ ತಂತಿ ಬಯಲುಸೀಮೆಯವರಿಗೆ ವರವೇ ಸರಿ. ಅಲೆ ನೇರ ಮೇಲಕ್ಕೆ ಹೋಗಿ ಅಯಾನುಮಂಡಲಕ್ಕೆ ತಾಗಿ ಸುತ್ತಲಿನ ಮುನ್ನೂರು ನಾನ್ನೂರು ಕಿಲೋಮೀಟರಿಗೆ ಮಳೆಯಂತೆ ಇಳಿಯುತ್ತದೆ. ಹಗಲಿನಲ್ಲಿ ಬೆಂಗಳೂರು, ಮಂಗಳೂರು, ಕಲಬುರಗಿ ಎಲ್ಲವೂ ಆ ವಲಯದೊಳಗೆ. ರಾತ್ರಿ ಹತ್ತಿರದವರು ಕಾಣೆಯಾಗಿ ದೂರದವರು ಕೇಳಿಸುತ್ತಾರೆ. ಇಂದಿನ ತೊಡಕು ಬೇರೆ ತರಹದ್ದು: ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರು, ಇನ್ವರ್ಟರುಗಳ ಗುಂಯ್ ಸದ್ದು ಬಡಾವಣೆಯ ರೇಡಿಯೋವನ್ನು ಹಾಳುಗೆಡವುತ್ತದೆ. ಅದಕ್ಕೇ ಹ್ಯಾಮ್‌ಗಳು ಸೆಟ್ಟು, ಬ್ಯಾಟರಿ, ಸುತ್ತಿದ ತಂತಿ ಚೀಲಕ್ಕೆ ತುಂಬಿಕೊಂಡು ಊರಾಚೆ ಹೋಗುವುದು. ಇದಕ್ಕೆ ಹೇಳಿ ಮಾಡಿಸಿದಂತಹ ಜಾಗ ಕೊಂಡಜ್ಜಿ ಕೆರೆ. ಪಕ್ಕದಲ್ಲೇ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಶಿಬಿರವಿದೆ, ಸ್ಕೌಟುಗಳಿಗೆ 1958ರಿಂದ ಜಗತ್ತಿನಾದ್ಯಂತ, ಈಗ ಅಕ್ಟೋಬರಿನಲ್ಲಿ, ಹ್ಯಾಮ್ ರೇಡಿಯೋ ಮೂಲಕ ನಡೆಯುವ ಜಾಂಬೂರಿಯೂ ಇದೆ. ದಕ್ಷಿಣಕ್ಕೆ 120 ಕಿಲೋಮೀಟರ್ ದೂರದ ಮುಳ್ಳಯ್ಯನಗಿರಿ ಸಮುದ್ರಮಟ್ಟದಿಂದ 1,930 ಮೀಟರ್. ಅಷ್ಟು ಎತ್ತರದಿಂದ 144 ಮೆಗಾಹರ್ಟ್ಸಿನ ಅಲೆಗಳಿಗೆ ದಾವಣಗೆರೆಯ ಬಯಲು ಲೆಕ್ಕದ ಪ್ರಕಾರ ದಿಗಂತದೊಳಗೇ ಬರುತ್ತದೆ. ಬೆಂಗಳೂರಿನಲ್ಲಿ ಕಟ್ಟಿ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6ರಲ್ಲಿ ಹಾರಿಸಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹ 2014ರವರೆಗೆ ಕೆಲಸ ಮಾಡುತ್ತಾ ದಿನಕ್ಕೆ ಹಲವು ಸಲ ಈ ಊರುಗಳ ಮೇಲೂ ಹಾದುಹೋಯಿತು. ಫೋನಿನಲ್ಲಿ ಮಾತು ತಲುಪುವುದು ಖಚಿತ, ಇಲ್ಲಿ ತಲುಪೀತೇ ಎಂಬ ಕುತೂಹಲವೇ ಆಟ. ಮೀನು ಅಂಗಡಿಯಲ್ಲಿ ಸಿಗುತ್ತದೆಂದು ಗಾಳ ಹಾಕುವವರು ಹೊಳೆಗೆ ಹೋಗುವುದನ್ನು ಬಿಟ್ಟಿಲ್ಲ.

ಆಟವಷ್ಟೇ ಎಂದು ನಿಲ್ಲಿಸಲೂ ಬರುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ದಿನ ಪೋರ್ಟ್ ಬ್ಲೇರಿನಲ್ಲಿ ಹವ್ಯಾಸಿ ಕೇಂದ್ರ ನಡೆಸುತ್ತಿದ್ದ ಭಾರತಿ ಪ್ರಸಾದ್ ಮತ್ತು ತಂಡದವರು ಅಂಡಮಾನಿನಿಂದ ಹೊರಗಿನವರಿಗೆ ಸುದ್ದಿ ಮುಟ್ಟಿಸಿದ್ದು ಎಲ್ಲರಿಗೂ ತಿಳಿದದ್ದು. ಅವರು ಅಲ್ಲಿಗೆ ಹೋಗಿದ್ದದ್ದು ಪರಿಹಾರಕ್ಕಲ್ಲ, ಹವ್ಯಾಸಕ್ಕೆ. ದಿನನಿತ್ಯ ಆಡಿದವರ ಕೈ ಮಾತ್ರ ಆಪತ್ತಿನಲ್ಲಿ ಓಡುತ್ತದೆ. ತುಂಗಭದ್ರೆ ತುಂಬಿ ಬಂದಾಗಲೆಲ್ಲ ಹರಿಹರದ, ಹೊನ್ನಾಳಿಯ ತಗ್ಗು ಬಡಾವಣೆಗಳಿಗೆ ನೀರು ನುಗ್ಗುವುದು ಹೊಸದಲ್ಲ. ಕರೆಂಟು ಹೋದರೆ, ಬ್ಯಾಕಪ್ ಬ್ಯಾಟರಿಯೂ ಮುಗಿದರೆ ಮೊಬೈಲ್ ಟವರು ಕಬ್ಬಿಣದ ಕಂಬ ಅಷ್ಟೇ.

ಕಾಗದ ಈಗ ತೆಳ್ಳಗಾಗಿದೆ. ದರ್ಜೆಗಳು ಜನರಲ್, ರಿಸ್ಟ್ರಿಕ್ಟೆಡ್ ಎಂದು ಎರಡಕ್ಕೆ ಇಳಿದಿವೆ. ಜನರಲ್ ದರ್ಜೆಗೆ ಮೋರ್ಸ್ ವೇಗ 8 ಪದಕ್ಕೆ ಇಳಿದಿದೆ, ರಿಸ್ಟ್ರಿಕ್ಟೆಡ್‌ಗೆ ಅದು ಬೇಕೇ ಇಲ್ಲ. 12 ವರ್ಷ ತುಂಬಿದ ಹುಡುಗ ಹುಡುಗಿಯರೂ ಪರೀಕ್ಷೆಗೆ ಕೂರಬಹುದು, ಅರ್ಜಿ ಹಾಕುವುದು ‘ಸರಳ ಸಂಚಾರ’ ಜಾಲತಾಣದಲ್ಲಿ. 2023ರ ಡಿಸೆಂಬರಿನಲ್ಲಿ ಸಂಸತ್ತು 1885ರ ಮತ್ತು 1933ರ ಕಾಯ್ದೆಗಳ ಬದಲಿಗೆ ಹೊಸ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಇಷ್ಟೆಲ್ಲ ಸಡಿಲವಾಗುವ ಹೊತ್ತಿಗೆ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತ್ತು, ಗಿರಣಿಗಳ ಸೈರನ್ ನಿಂತಿತ್ತು, ರೇಡಿಯೋ ರಿಪೇರಿಯವರು ಮೊಬೈಲ್ ರಿಪೇರಿಗೆ ಇಳಿದಿದ್ದರು. ಕೈಯಿದ್ದಾಗ ಕಾಗದ ಸಿಗಲಿಲ್ಲ, ಕಾಗದ ಸುಲಭವಾದಾಗ ಆ ಕೈಗಳಿಗೆ ವಯಸ್ಸಾಗಿದೆ. ಆದರೆ ಎರಡೂ ಎಂಜಿನಿಯರಿಂಗ್ ಕಾಲೇಜುಗಳು ಇನ್ನೂ ಇವೆ, ಅವುಗಳ ಎಲೆಕ್ಟ್ರಾನಿಕ್ಸ್ ವಿಭಾಗಗಳಲ್ಲಿ ಆಂಟೆನಾ, ಅಲೆಪ್ರಸರಣ ಪಾಠವಾಗಿ ನಡೆಯುತ್ತವೆ. ಕಿರ್ಲೋಸ್ಕರಿನಲ್ಲಿ ದುಡಿದ ಹಲವರು ಹರಿಹರದಲ್ಲೇ ನಿವೃತ್ತಿಯ ದಿನ ಕಳೆಯುತ್ತಿದ್ದಾರೆ. ಈ ಇಬ್ಬರನ್ನೂ ಒಂದು ಮೇಜಿನ ಸುತ್ತ ಕೂರಿಸಿ ಕಾಲೇಜಿನ ಹೆಸರಿನಲ್ಲಿ ಒಂದು ಕ್ಲಬ್ ಕೇಂದ್ರಕ್ಕೆ ಅರ್ಜಿ ಹಾಕಬೇಕು. ಅದರ ಜೊತೆಗೇ ಜಿಲ್ಲೆಯ ಜನಪ್ರತಿನಿಧಿಗಳು ದೂರಸಂಪರ್ಕ ಇಲಾಖೆಯನ್ನು ಎರಡು ಸಂಗತಿ ಕೇಳಬೇಕು: ಹವ್ಯಾಸಿ ಪರೀಕ್ಷೆಗೆ ದಾವಣಗೆರೆಯಲ್ಲೊಂದು ಕೇಂದ್ರ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ.